ದುಡ್ಡು ಕೊಟ್ಟಿದ್ದು ಎಂಟಕ್ಕೆ, ಸಿಕ್ಕಿದ್ದು ಆರೇ?

ಮಗಳ ಓದಿಗೆಂದು ಚೀಟಿ ದುಡ್ಡು ಎತ್ತಿ ಲ್ಯಾಪ್‌ಟಾಪ್ ತಂದೆ. ಬಾಕ್ಸ್ ಮೇಲೆ ‘8 ಜಿಬಿ ರ‍್ಯಾಮ್’ ಅಂತ ದಪ್ಪ ಅಕ್ಷರದಲ್ಲಿ ಬರೆದಿತ್ತು. ಮನೆಯಲ್ಲಿ ಆನ್ ಮಾಡಿ ನೋಡಿದರೆ 8.00 ಜಿಬಿ ಅಂತೇನೋ ಇದೆ, ಪಕ್ಕದಲ್ಲೇ ಸಣ್ಣದಾಗಿ ‘5.9 ಜಿಬಿ ಯೂಸಬಲ್’! ಉಳಿದ ಎರಡು ಜಿಬಿ ಎಲ್ಲಿ ಹೋಯ್ತು? ಅಂಗಡಿ ಹುಡುಗನಿಗೆ ಫೋನಿನಲ್ಲೇ ದಬಾಯಿಸಿದೆ. ಪಾಪ, ತಪ್ಪು ಅವನದಾಗಿರಲಿಲ್ಲ.

ಫ್ಲ್ಯಾಟ್ ಕೊಂಡವರಿಗೆ ಇದು ಬೇಗ ಅರ್ಥವಾಗುತ್ತೆ. ಬಿಲ್ಡರ್ ಹೇಳೋದು ಸೂಪರ್ ಬಿಲ್ಟ್‌ಅಪ್, ನಾವು ಮಂಚ ಹಾಕೋದು ಕಾರ್ಪೆಟ್ ಏರಿಯಾದಲ್ಲಿ. ಇಲ್ಲೂ ಹಾಗೇ. ಮೊದಲ ಅಂಕಿ ಒಳಗೆ ಕೂರಿಸಿರುವ ರ‍್ಯಾಮ್. ಎರಡನೆಯದು ವಿಂಡೋಸ್‌ಗೆ ಬಳಸಲು ಸಿಗುವಷ್ಟು. ಪರದೆ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಭಾಗಕ್ಕೆ ಸಾಧಾರಣ ಲ್ಯಾಪ್‌ಟಾಪ್‌ಗಳಲ್ಲಿ ಸ್ವಂತ ಮೆಮೊರಿ ಇರೋದಿಲ್ಲ. ಅದು ಇದೇ ರ‍್ಯಾಮ್‌ನಿಂದ ಪಾಲು ತೆಗೆದುಕೊಳ್ಳುತ್ತೆ. ಕೆಲವದರಲ್ಲಿ ಹೀಗೆ ಹೋಗೋದು ಚೂರೇ ಚೂರು, 7.8 ಅಂತ ಕಾಣಿಸುತ್ತೆ. ನಮ್ಮದರಲ್ಲಿ ಎರಡು ಜಿಬಿಯನ್ನೇ ತೆಗೆದಿಟ್ಟಿದ್ದರು. ಮೋಸವಲ್ಲ, ಆದರೆ ಕೊಳ್ಳುವಾಗ ಒಂದು ಮಾತು ಹೇಳಬಹುದಿತ್ತು ಅನ್ನೋದು ನನ್ನ ತಕರಾರು.

ನಿಮ್ಮದನ್ನೂ ನೋಡಬೇಕೆ? ಸೆಟ್ಟಿಂಗ್ಸ್‌ನಲ್ಲಿ ‘ಸಿಸ್ಟಮ್’, ಅದರೊಳಗೆ ಕೊನೆಗೆ ‘ಅಬೌಟ್’. ಇನ್ನೂ ವಿವರ ಬೇಕಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತೆ. ‘ಪರ್ಫಾರ್ಮೆನ್ಸ್’ನಲ್ಲಿ ‘ಮೆಮೊರಿ’ ಒತ್ತಿದರೆ ‘ಹಾರ್ಡ್‌ವೇರ್ ರಿಸರ್ವ್ಡ್’ ಅಂತ ಒಂದು ಸಾಲು ಇರುತ್ತೆ. ಕಾಣೆಯಾದ ಲೆಕ್ಕ ಅಲ್ಲೇ ಸಿಗೋದು.

ಮನೆಯಲ್ಲಿ ಹಳೇ ಕಂಪ್ಯೂಟರ್ ಇದ್ದು, ಯಾರಾದರೂ ‘ರ‍್ಯಾಮ್ ಹೆಚ್ಚಿಸಿ, ಫಾಸ್ಟ್ ಆಗುತ್ತೆ’ ಅಂದರೆ ತಡೆಯಿರಿ. ಅದೇ ‘ಅಬೌಟ್’ ಪುಟದಲ್ಲಿ ‘ಸಿಸ್ಟಮ್ ಟೈಪ್’ ನೋಡಿ. 32 ಬಿಟ್ ವಿಂಡೋಸ್ ಎಂದಿದ್ದರೆ ಅದಕ್ಕೆ 4 ಜಿಬಿ ದಾಟಿ ಎಣಿಸಲು ಬರೋದಿಲ್ಲ, ಅದರಲ್ಲೂ ಸಿಗೋದು ಸುಮಾರು ಮೂರು, ಮೂರೂವರೆ ಅಷ್ಟೇ. ನೀವು 8 ಜಿಬಿ ಹಾಕಿಸಿದರೂ ದುಡ್ಡು ದಂಡ. ಪ್ರೊಸೆಸರ್ 64 ಬಿಟ್‌ನದಾಗಿದ್ದರೆ ಮೊದಲು 64 ಬಿಟ್ ವಿಂಡೋಸ್ ಹಾಕಿಸಬೇಕು.

ನಿಜವಾಗಿ ಎಚ್ಚರ ಬೇಕಾದದ್ದು ಮೊದಲ ಅಂಕಿಯೇ ಇಳಿದಾಗ. ರಿಪೇರಿಗೆ ಕೊಟ್ಟಾಗ 8 ಇದ್ದದ್ದು ವಾಪಸ್ ಬಂದಾಗ 4 ಆಗಿದ್ದರೆ, ಒಂದು ರ‍್ಯಾಮ್ ಪಟ್ಟಿ ಸರಿಯಾಗಿ ಕೂತಿಲ್ಲ, ಕೆಟ್ಟಿದೆ, ಇಲ್ಲವೇ ಒಳಗೆ ಇಲ್ಲವೇ ಇಲ್ಲ. ಅದಕ್ಕೇ ಕೊಡುವ ಮುಂಚೆ ಆ ಪುಟದ ಫೋಟೊ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ. ವಾಪಸ್ ತರುವಾಗ ಅಂಗಡಿಯಲ್ಲೇ ಆನ್ ಮಾಡಿಸಿ ನೋಡಿ. ಸಂಕೋಚ ಬೇಡ, ಚಿನ್ನದಂಗಡಿಯಲ್ಲಿ ತೂಕ ನೋಡಲ್ವೇ?

ಹಾಂ, ರ‍್ಯಾಮ್ ಅಡುಗೆ ಕಟ್ಟೆ ಇದ್ದಂತೆ, ಫೋಟೊ ಫೈಲು ಇಡುವ ಸ್ಟೋರೇಜ್ ಉಗ್ರಾಣ. ಅಲ್ಲಿ 512 ಅಂತ ಕೊಂಡದ್ದು 476 ತೋರಿಸುತ್ತೆ. ಕಂಪನಿಯವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಅದಕ್ಕೂ ಫೋನ್ ಮಾಡಿ ಜಗಳವಾಡೋದರಲ್ಲಿದ್ದೆ, ಮಗಳು ತಡೆದಳು.