ಊರಿಗೆ ಮರಳಿದ ಬ್ಯಾಂಡು

ಮಗನೋ ಮಗಳೋ ಮೈಕ್ರೋಸಾಫ್ಟಿನಲ್ಲಿ, ಅಮೆಜಾನಿನಲ್ಲಿ ಕೆಲಸಕ್ಕಿದ್ದು, ಆರು ತಿಂಗಳು ಇದ್ದು ಬರೋಣವೆಂದು ಹೋಗುವ ನಮ್ಮ ಕಡೆಯ ಅಪ್ಪ-ಅಮ್ಮಂದಿರು ಇಳಿಯುವ ವಿಮಾನ ನಿಲ್ದಾಣದ ಹೆಸರು ಸೀ-ಟ್ಯಾಕ್. ‘ಸೀ’ ಅಂದರೆ ಸಿಯಾಟಲ್, ಅದು ಎಲ್ಲರಿಗೂ ಗೊತ್ತು. ‘ಟ್ಯಾಕ್’ ಯಾವುದೆಂದು ಕೇಳುವವರು ಕಡಿಮೆ. ಸಾಮಾನು ತುಂಬಿಕೊಂಡ ಕಾರು ಬೆಲ್‌ವ್ಯೂ, ರೆಡ್ಮಂಡ್ ಕಡೆಗೆ ಉತ್ತರದ ದಾರಿ ಹಿಡಿದುಬಿಡುತ್ತದೆ. ದಕ್ಷಿಣಕ್ಕೆ ತಿರುಗಿದ್ದರೆ ಅರ್ಧ ಗಂಟೆಯೊಳಗೆ ಟಕೋಮಾ ಸಿಗುತ್ತಿತ್ತು.

ಬಂದರು, ಕಾಗದದ ಕಾರ್ಖಾನೆ, ತಾಮ್ರ ಕರಗಿಸುವ ಕುಲುಮೆ, ಪಕ್ಕದಲ್ಲೇ ಸೇನೆಯ ದಂಡು, ವಾಯುಪಡೆಯ ನೆಲೆ. ಇದು ಹಳೆಯ ಟಕೋಮಾ. ಕಾಗದದ ಕಾರ್ಖಾನೆಯ ಗಬ್ಬನ್ನು ಸುತ್ತಲಿನವರು ‘ಟಕೋಮಾದ ಪರಿಮಳ’ ಎಂದು ಹಾಸ್ಯ ಮಾಡುತ್ತಿದ್ದರು. ಇಂಥ ಊರಿನ ಹೈಸ್ಕೂಲು ಹುಡುಗರು 1950ರ ದಶಕದ ಕೊನೆಯಲ್ಲಿ ಗಿಟಾರು, ಸ್ಯಾಕ್ಸೊಫೋನು ಹಿಡಿದು ಎಬ್ಬಿಸಿದ ಗದ್ದಲಕ್ಕೆ ಅಮೆರಿಕದ ರಾಕ್ ಅಂಡ್ ರೋಲ್ ಚರಿತ್ರೆಯಲ್ಲಿ ಒಂದು ಅಧ್ಯಾಯವೇ ಇದೆ. ಆ ಅಧ್ಯಾಯದ ಬಹುಪಾಲು ಜನ ಮಾತ್ರ ಹೆಸರು ಮಾಡಿದ ಮೇಲೂ ಊರಿನವರಾಗಿಯೇ ಉಳಿದರು. ನನಗೆ ಕುತೂಹಲವಿರುವುದು ಅವರ ಬದುಕಿನ ಬಗ್ಗೆ.

ಮೊದಲು ಊರಿನ ದೊಡ್ಡ ಹೆಸರನ್ನು ಹೇಳಿ ಮುಗಿಸುತ್ತೇನೆ. ‘ದಿ ವೆಂಚರ್ಸ್’ ಕಟ್ಟಿದ ಬಾಬ್ ಬೋಗಲ್ ಮತ್ತು ಡಾನ್ ವಿಲ್ಸನ್ ಇಬ್ಬರೂ ಗಾರೆ ಕೆಲಸದವರು. ಅಡವಿನ ಅಂಗಡಿಯಲ್ಲಿ ಸಿಕ್ಕ ಹಳೆಯ ಗಿಟಾರುಗಳಿಂದ ಶುರು ಮಾಡಿದರು. ಯಾವ ಕಂಪನಿಯೂ ಮುಟ್ಟದ ಅವರ ರೆಕಾರ್ಡನ್ನು ವಿಲ್ಸನ್‌ನ ತಾಯಿಯೇ ಕಂಪನಿ ಮಾಡಿ ಹೊರತಂದರು. 1960ರಲ್ಲಿ ಅವರ ‘ವಾಕ್, ಡೋಂಟ್ ರನ್’ ದೇಶದ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೇರಿತು. ಆಮೇಲೆ ಜಪಾನು ಅವರನ್ನು ತಲೆಯ ಮೇಲೆ ಹೊತ್ತು ಮೆರೆಸಿತು. ಇದು ಗೆದ್ದವರ ಕಥೆ, ಬೇಕಾದಷ್ಟು ಕಡೆ ಸಿಗುತ್ತದೆ.

ಉಳಿದವರಿಗೆ ಅನ್ನ ಕೊಟ್ಟದ್ದು ಶನಿವಾರದ ಕುಣಿತ. ಲಾಸ್ ಏಂಜಲೀಸ್ ಟಕೋಮಾದಿಂದ ರಸ್ತೆಯಲ್ಲಿ ಹದಿನೆಂಟುನೂರು ಕಿಲೋಮೀಟರು, ನ್ಯೂಯಾರ್ಕ್ ದೇಶದ ಇನ್ನೊಂದು ತುದಿ. ದೊಡ್ಡ ತಾರೆಯರು ಆ ಮೂಲೆಗೆ ಬರುವುದೇ ಅಪರೂಪ. ಬಂದವರಿಗಾಗಿ ಕಾಯುತ್ತ ಕೂತರೆ ಹುಡುಗರು ಕುಣಿಯುವುದು ಯಾವಾಗ? ಹಾಗಾಗಿ ಊರಿಗೊಂದು ಬ್ಯಾಂಡು ಹುಟ್ಟಿಕೊಂಡಿತು. ಸೇನೆಯ ಕವಾಯತು ಭವನ, ಸ್ಕೇಟಿಂಗ್ ಅಂಗಳ, ಶಾಲೆಯ ಜಿಮ್ಮು, ಮರದ ನೆಲದ ಹಳೆಯ ನೃತ್ಯಶಾಲೆ, ಎಲ್ಲಿ ಜಾಗವಿತ್ತೋ ಅಲ್ಲಿ ಕಾರ್ಯಕ್ರಮ. ಇವುಗಳಲ್ಲಿ ಹೆಸರಾದದ್ದು ಸಿಯಾಟಲ್-ಟಕೋಮಾ ನಡುವಿನ ಹೆದ್ದಾರಿಯಲ್ಲಿದ್ದ ‘ಸ್ಪ್ಯಾನಿಷ್ ಕ್ಯಾಸಲ್’. ಸಿಯಾಟಲ್‌ನ ಹುಡುಗ ಜಿಮಿ ಹೆಂಡ್ರಿಕ್ಸ್ ಜಗತ್ತಿಗೇ ಗೊತ್ತಾದ ಮೇಲೆ, 1967ರಲ್ಲಿ ಹಾಡೊಂದರ ಶೀರ್ಷಿಕೆಯಲ್ಲೇ ಈ ಕಟ್ಟಡವನ್ನು ನೆನೆದ. ಮರುವರ್ಷ ಕಟ್ಟಡವನ್ನು ಕೆಡವಿದರು.

ಗಣೇಶನ ಪೆಂಡಾಲಿನ ಮುಂದೆ ಆರ್ಕೆಸ್ಟ್ರಾ ಕೇಳಿ ಬೆಳೆದವರಿಗೆ ಈ ಜೀವನ ಅಪರಿಚಿತವೇನಲ್ಲ. ಹಗಲು ಫ್ಯಾಕ್ಟರಿಯಲ್ಲೋ ಬ್ಯಾಂಕಿನಲ್ಲೋ ದುಡಿದು, ಸಂಜೆ ಮಿರುಗುವ ಅಂಗಿ ತೊಟ್ಟು, ಮೆಟಡೋರಿನಲ್ಲಿ ಕೀಬೋರ್ಡು ಹೇರಿಕೊಂಡು ಹೊರಟವರು ನಮ್ಮ ಊರುಗಳಲ್ಲೂ ಇದ್ದರು. ಜನ ಕೇಳಿದ ಹಾಡನ್ನು ಕೇಳಿದ ಹಾಗೆ ನುಡಿಸಬೇಕು, ನಿಲ್ಲಿಸಬಾರದು. ಟಕೋಮಾದಲ್ಲೂ ಕಾನೂನು ಅದೇ. ಹುಡುಗಿಯರು ಕುಣಿಯುವುದನ್ನು ನಿಲ್ಲಿಸಿದರೆ ಮುಂದಿನ ವಾರ ಕರೆಯಿಲ್ಲ. ಆ ಸೀಮೆಯ ಸಂಗೀತಕ್ಕೆ ಬಂದ ಗಡಸುತನಕ್ಕೆ ಇದೂ ಒಂದು ಕಾರಣ. ಇನ್ನೊಂದು ಕಾರಣ, ಸಿಯಾಟಲ್‌ನ ಕಪ್ಪು ವಾದಕರು. ಡೇವ್ ಲೂಯಿಸ್ ಮತ್ತು ಅವನ ತಂಡದ ರಿದಮ್ ಅಂಡ್ ಬ್ಲೂಸ್ ಕೇಳಿಯೇ ಬಿಳಿಯ ಹುಡುಗರು ಪಾಠ ಕಲಿತದ್ದು. 1950ರ ದಶಕದಲ್ಲಿ ಬಿಳಿಯ ವಾದಕರಿಗೊಂದು, ಕಪ್ಪು ವಾದಕರಿಗೊಂದು ಕಾರ್ಮಿಕ ಸಂಘವಿದ್ದ ಊರು ಅದು. ಗುರುಗಳಿಗೆ ಸಂದದ್ದು ಶಿಷ್ಯರಿಗಿಂತ ಕಡಿಮೆ.

ಶಿಷ್ಯರಲ್ಲಿ ಮೊದಲಿಗರು ‘ದಿ ವೇಲರ್ಸ್’. ಬಾಬ್ ಮಾರ್ಲಿಯ ವೇಲರ್ಸ್ ಬೇರೆ. ಇವರು 1958ರಲ್ಲಿ ಟಕೋಮಾದಲ್ಲಿ ಕೂಡಿಕೊಂಡ ಶಾಲಾ ಹುಡುಗರು. ಮರುವರ್ಷವೇ ಅವರ ‘ಟಾಲ್ ಕೂಲ್ ಒನ್’ ಎಂಬ ವಾದ್ಯಸಂಗೀತ ದೇಶದ ಮೊದಲ ನಲವತ್ತರೊಳಗೆ ಬಂತು. ಪೂರ್ವ ಕರಾವಳಿಯ ಪ್ರವಾಸವಾಯಿತು, ಡಿಕ್ ಕ್ಲಾರ್ಕನ ಟೀವಿ ಕಾರ್ಯಕ್ರಮದಲ್ಲಿ ಮುಖ ತೋರಿಸಿದ್ದಾಯಿತು. ರೆಕಾರ್ಡ್ ಕಂಪನಿಯವರು, ಇನ್ನು ಇಲ್ಲೇ ನ್ಯೂಯಾರ್ಕ್ ಕಡೆ ಇದ್ದುಬಿಡಿ ಎಂದರು. ಹುಡುಗರು ಒಪ್ಪಲಿಲ್ಲ. ಶಾಲೆ ಇನ್ನೂ ಮುಗಿದಿರಲಿಲ್ಲ, ಮನೆಯೂ ನೆನಪಾಗಿರಬೇಕು. ಗಂಟು ಕಟ್ಟಿಕೊಂಡು ಊರಿಗೆ ವಾಪಸಾದರು, ಕಂಪನಿ ಅವರನ್ನು ಕೈಬಿಟ್ಟಿತು.

ಸಂಗೀತದ ಚರಿತ್ರೆ ಬರೆಯುವವರು ಈ ಪ್ರಸಂಗವನ್ನು ‘ಕೈತಪ್ಪಿದ ಅವಕಾಶ’ ಎಂದು ಬರೆಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಊರಿನ ಬ್ಯಾಂಡನ್ನು ದೇಶದ ಬ್ಯಾಂಡಾಗಲು ಸೋತ ಬ್ಯಾಂಡು ಎಂದು ನೋಡುವುದೇ ತಪ್ಪು. ಅದು ಬೇರೆಯದೇ ಕಸುಬು. ಊರಿಗೆ ಮರಳಿದ ವೇಲರ್ಸ್ ಮಾಡಿದ್ದೇನು ನೋಡಿ: ಬಾಸ್ ನುಡಿಸುತ್ತಿದ್ದ ಬಕ್ ಆರ್ಮ್ಸ್‌ಬಿ, ಕೀಬೋರ್ಡಿನ ಕೆಂಟ್ ಮಾರಿಲ್, ಗಾಯಕ ರಾಕಿನ್ ರಾಬಿನ್ ರಾಬರ್ಟ್ಸ್ ಮೂವರೂ ಸೇರಿ ‘ಎಟಿಕೆಟ್’ ಎಂಬ ತಮ್ಮದೇ ರೆಕಾರ್ಡ್ ಕಂಪನಿ ತೆರೆದರು. ಇಪ್ಪತ್ತರ ಆಸುಪಾಸಿನ ವಾದಕರು ತಾವೇ ಕಂಪನಿ ನಡೆಸುವುದು 1961ರಲ್ಲಿ ಸಣ್ಣ ಮಾತಾಗಿರಲಿಲ್ಲ. ಅದರಿಂದ ಹೊರಬಂದ ಮೊದಲ ಹಾಡು ‘ಲೂಯಿ ಲೂಯಿ’.

ಈ ಹಾಡಿನ ಹುಟ್ಟೂರು ಲಾಸ್ ಏಂಜಲೀಸ್. ರಿಚರ್ಡ್ ಬೆರ್ರಿ ಎಂಬ ಕಪ್ಪು ಗಾಯಕ ಬರೆದು, 1957ರಲ್ಲಿ ಒಂದು ರೆಕಾರ್ಡಿನ ಹಿಂಬದಿಗೆ ಹಾಕಿದ್ದ. ಮನೆಗೆ ಹೋಗಲು ಹಾತೊರೆಯುವ ಜಮೈಕಾದ ನಾವಿಕನೊಬ್ಬ ಹೆಂಡದಂಗಡಿಯವನ ಮುಂದೆ ಮನಸ್ಸು ತೋಡಿಕೊಳ್ಳುತ್ತಾನೆ, ಅಷ್ಟೇ ಹಾಡು. ದೇಶದಲ್ಲಿ ಹೆಚ್ಚೇನೂ ಓಡಲಿಲ್ಲ, ಆದರೆ ವಾಯವ್ಯದ ಆ ಮೂಲೆಯ ಹುಡುಗರಿಗೆ ಹಿಡಿಸಿತು. ಬೆರ್ರಿಗೆ ಮದುವೆಯ ಖರ್ಚಿತ್ತು. ಇನ್ನೂ ಕೆಲವು ಹಾಡುಗಳ ಜೊತೆ ಇದರ ಹಕ್ಕನ್ನೂ 750 ಡಾಲರಿಗೆ ಮಾರಿಬಿಟ್ಟ. ರಾಬಿನ್ ರಾಬರ್ಟ್ಸ್ ಹಾಡಿದ ಮೇಲೆ ಇದು ಆ ಸೀಮೆಯ ಪ್ರತಿ ಬ್ಯಾಂಡಿಗೂ ಕಡ್ಡಾಯದ ಹಾಡಾಯಿತು. ಆದರೆ ರಾಬಿನ್‌ನ ರೆಕಾರ್ಡು ಆ ಸೀಮೆ ದಾಟಲಿಲ್ಲ. ಅವನು 1967ರ ಡಿಸೆಂಬರಿನಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ.

ಪೋರ್ಟ್‌ಲ್ಯಾಂಡಿನ ‘ದಿ ಕಿಂಗ್ಸ್‌ಮೆನ್’ ಹುಡುಗರು ಸಮುದ್ರ ತೀರದ ಕ್ಲಬ್ಬೊಂದರ ಜ್ಯೂಕ್‌ಬಾಕ್ಸಿನಲ್ಲಿ ರಾಬಿನ್‌ನ ಹಾಡು ಕೇಳಿದರು. ಅದು ಬಂದಾಗಲೆಲ್ಲ ಜನ ಎದ್ದು ಕುಣಿಯುತ್ತಿದ್ದರು. ನಾವೂ ನುಡಿಸಬೇಕು ಎಂದುಕೊಂಡರು. ಬ್ಯಾಂಡಿಗೆ ಕಲಿಸಿದವನು ಗಾಯಕ ಜ್ಯಾಕ್ ಈಲಿ. ಅವನು ತಾಳವನ್ನು ತುಸು ತಪ್ಪಾಗಿ ನೆನಪಿಟ್ಟುಕೊಂಡಿದ್ದ. ಇಂದು ಜಗತ್ತು ಗುನುಗುವುದು ಆ ತಪ್ಪು ತಾಳವನ್ನೇ. 1963ರ ಏಪ್ರಿಲ್ 6ರಂದು ಊರಿನ ಸಣ್ಣ ಸ್ಟುಡಿಯೊದಲ್ಲಿ ಐವತ್ತು ಡಾಲರ್ ಆಸುಪಾಸಿನ ಖರ್ಚಿನಲ್ಲಿ ಒಂದೇ ಸಲಕ್ಕೆ ನುಡಿಸಿ ಮುಗಿಸಿದರು. ಮೈಕನ್ನು ಎತ್ತರದಲ್ಲಿ ತೂಗುಹಾಕಿದ್ದರು. ಹಲ್ಲಿಗೆ ಕ್ಲಿಪ್ಪು ಹಾಕಿಸಿಕೊಂಡಿದ್ದ ಈಲಿ ತುದಿಗಾಲಲ್ಲಿ ನಿಂತು, ಕತ್ತು ಮೇಲೆತ್ತಿ ಕೂಗಬೇಕಾಯಿತು. ಒಂದು ಪದವೂ ನೆಟ್ಟಗೆ ಕೇಳಿಸಲಿಲ್ಲ. ಕೆಲವೇ ದಿನಗಳ ಅಂತರದಲ್ಲಿ ಅದೇ ಸ್ಟುಡಿಯೊದಲ್ಲಿ ಅದೇ ಹಾಡನ್ನು ‘ಪಾಲ್ ರಿವೇರ್ ಅಂಡ್ ದಿ ರೇಡರ್ಸ್’ ಇನ್ನೂ ಅಚ್ಚುಕಟ್ಟಾಗಿ ನುಡಿಸಿದರು. ಅಚ್ಚುಕಟ್ಟಾದದ್ದು ಸೋತಿತು.

ಹಾಡು ಹಿಟ್ ಆಗುವ ಮೊದಲೇ ಬ್ಯಾಂಡು ಒಡೆದಿತ್ತು. ಡ್ರಮ್ಮು ಬಾರಿಸುತ್ತಿದ್ದ ಲಿನ್ ಈಸ್ಟನ್, ಇನ್ನು ಮುಂದೆ ನಾನು ಮುಂದೆ ನಿಂತು ಹಾಡುತ್ತೇನೆ, ನೀನು ಡ್ರಮ್ಮಿಗೆ ಹೋಗು ಎಂದ. ಬ್ಯಾಂಡಿನ ಹೆಸರು ಕಾಗದದ ಮೇಲೆ ಅವನ ಮನೆಯವರ ಕಡೆಗಿತ್ತು. ಈಲಿ ಎದ್ದು ಹೋದ. ಇದಾಗಿ ಕೆಲವೇ ತಿಂಗಳಿಗೆ ಬಾಸ್ಟನ್ನಿನ ರೇಡಿಯೊ ನಿರೂಪಕನೊಬ್ಬ ‘ವಾರದ ಅತಿ ಕೆಟ್ಟ ಹಾಡು’ ಎಂದು ಅದನ್ನು ಹಾಕಿದ. ಜನ ಮುಗಿಬಿದ್ದು ಕೊಂಡರು. ವರ್ಷದ ಕೊನೆಗೆ ಹಾಡು ದೇಶದಲ್ಲಿ ಎರಡನೇ ಸ್ಥಾನದಲ್ಲಿತ್ತು, ಹಾಡಿದವನು ಬ್ಯಾಂಡಿನಲ್ಲಿರಲಿಲ್ಲ.

ಪದ ಕೇಳಿಸದಿದ್ದರೆ ಜನ ಸುಮ್ಮನಿರುತ್ತಾರೆಯೇ? ತಮಗೆ ಬೇಕಾದ ಪದ ತುಂಬಿಕೊಂಡರು. ಇದರಲ್ಲಿ ಅಶ್ಲೀಲವಿದೆ ಎಂದು ಹೆತ್ತವರು ದೂರು ಬರೆದರು, ಇಂಡಿಯಾನಾದ ಗವರ್ನರ್ ರೇಡಿಯೊದವರಿಗೆ ಹಾಕಬೇಡಿ ಎಂದರು, ಎಫ್‌ಬಿಐ ತನಿಖೆಗಿಳಿಯಿತು. ಎರಡು ವರ್ಷಕ್ಕೂ ಮಿಕ್ಕಿ ಸರ್ಕಾರಿ ಪ್ರಯೋಗಾಲಯದ ಪಂಡಿತರು ರೆಕಾರ್ಡನ್ನು ನಿಧಾನಕ್ಕೆ, ಜೋರಾಗಿ, ನಾನಾ ವೇಗದಲ್ಲಿ ತಿರುಗಿಸಿ ಕೇಳಿದರು. ಯಾವ ವೇಗದಲ್ಲೂ ಅರ್ಥವಾಗುವುದಿಲ್ಲ ಎಂಬುದು ಅಂತಿಮ ವರದಿ. ಹಾಡಿದವನನ್ನು ಕರೆದು, ಏನಪ್ಪಾ ಹಾಡಿದೆ ಎಂದು ಕೇಳಬೇಕೆಂದು ಇಲಾಖೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಈಲಿ ಮುಂದೆ ಒರೆಗಾನಿನ ಒಳನಾಡಿನಲ್ಲಿ ಕುದುರೆ ಪಳಗಿಸಿಕೊಂಡು ಬಾಳಿದ. 2015ರಲ್ಲಿ ತೀರಿಕೊಂಡ. ಉಳಿದ ಕಿಂಗ್ಸ್‌ಮೆನ್‌ಗೆ ಒಪ್ಪಂದದ ಪ್ರಕಾರ ಬರಬೇಕಿದ್ದದ್ದು ರೆಕಾರ್ಡಿನ ಆದಾಯದಲ್ಲಿ ಶೇಕಡ 9ರಷ್ಟು. ಮೂವತ್ತು ವರ್ಷ ಅದು ಅವರ ಕೈಸೇರಲಿಲ್ಲ. 1993ರಲ್ಲಿ ಕೋರ್ಟಿಗೆ ಹೋದರು. 1998ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅವರ ಪರವಾಗಿ ನಿಂತಿತು, ಮೂಲ ಧ್ವನಿಮುದ್ರಣದ ಹಕ್ಕು ಅವರಿಗೇ ಮರಳಿತು. ರಿಚರ್ಡ್ ಬೆರ್ರಿಯದು ಇನ್ನೂ ವಿಚಿತ್ರ. 1980ರ ದಶಕದಲ್ಲಿ ಅವನು ಲಾಸ್ ಏಂಜಲೀಸಿನಲ್ಲಿ ತಾಯಿಯ ಮನೆಯಲ್ಲಿದ್ದು, ಸರ್ಕಾರದ ಸಹಾಯಧನದ ಮೇಲೆ ದಿನ ದೂಡುತ್ತಿದ್ದ. ಮದ್ಯದ ಜಾಹೀರಾತಿನವರಿಗೆ ಆ ಹಾಡು ಬೇಕಾಗಿ, ಅವನ ಸಹಿ ಹುಡುಕಿಕೊಂಡು ಬಂದರು. ಆಗ ವಕೀಲರು ಹಳೆಯ ಕಾಗದ ತೆಗೆದು ಹೋರಾಡಿ ಹಕ್ಕಿನ ಪಾಲು ಕೊಡಿಸಿದರು. ಸುಮಾರು ಇಪ್ಪತ್ತು ಲಕ್ಷ ಡಾಲರ್ ಬಂತೆನ್ನುತ್ತಾರೆ. ಅನುಭವಿಸಲು ಹತ್ತು-ಹನ್ನೆರಡು ವರ್ಷ ಸಿಕ್ಕಿತು, 1997ರಲ್ಲಿ ಹೋದ. ಅಷ್ಟಾದರೂ ಸಿಕ್ಕಿತಲ್ಲ. ನಮ್ಮಲ್ಲಿ ಒಂದೇ ಕಂತಿನ ಸಂಭಾವನೆಗೆ ಹಾಡು ಬರೆದುಕೊಟ್ಟು ಕಣ್ಮುಚ್ಚಿದವರ ಮನೆಯವರಿಗೆ ಈ ಸಾಲು ಓದುವಾಗ ಏನನ್ನಿಸೀತು?

ಮತ್ತೆ ಟಕೋಮಾಕ್ಕೆ ಬರೋಣ. ಎಟಿಕೆಟ್ ಕಂಪನಿಯ ಬಕ್ ಆರ್ಮ್ಸ್‌ಬಿ ಹಿಡಿದು ತಂದ ಹುಡುಗರ ತಂಡ ‘ದಿ ಸಾನಿಕ್ಸ್’. ತಲೆಯ ಮೇಲೆ ಯುದ್ಧವಿಮಾನ ಹಾರುವಾಗ ಕಿಟಕಿ ಗಾಜು ಅದುರಿಸುವ ಸದ್ದಿನಿಂದಲೇ ಬಂದ ಹೆಸರು. ಗಿಟಾರಿನ ಲ್ಯಾರಿ ಪರೈಪಾ, ಸದ್ದು ಇನ್ನಷ್ಟು ಒರಟಾಗಲೆಂದು ಸ್ಪೀಕರಿನ ಕಾಗದಕ್ಕೆ ತೂತು ಹೊಡೆದಿದ್ದ. ಜೆರಿ ರೋಸ್ಲಿ ಹಾಡುತ್ತಿದ್ದ, ಅಲ್ಲ, ಕಿರುಚುತ್ತಿದ್ದ. 1965ರ ಅವರ ಮೊದಲ ಆಲ್ಬಮ್ ಎರಡೇ ಟ್ರ್ಯಾಕಿನ ಯಂತ್ರದಲ್ಲಿ ಅಚ್ಚಾಯಿತು. ಆ ಡ್ರಮ್ಮಿನ ಸದ್ದನ್ನು ದಶಕಗಳ ನಂತರ ರಾಕ್ ಗಾಯಕ ಕರ್ಟ್ ಕೊಬೇನ್ ಬಾಯ್ತುಂಬ ಹೊಗಳಿದ. ಆದರೆ 1960ರ ದಶಕ ಮುಗಿಯುವ ಹೊತ್ತಿಗೆ ಬ್ಯಾಂಡು ಚದುರಿತ್ತು. ಸ್ಯಾಕ್ಸೊಫೋನಿನ ರಾಬ್ ಲಿಂಡ್ ನೌಕಾಪಡೆ ಸೇರಿ ವಿಯೆಟ್ನಾಮ್ ಕಾಲದಲ್ಲಿ ಯುದ್ಧವಿಮಾನ ಹಾರಿಸಿದ, ಆಮೇಲೆ ಪ್ರಯಾಣಿಕರ ವಿಮಾನ. ಪರೈಪಾ ವಿಮೆ ಕೆಲಸಕ್ಕೆ ಸೇರಿದ. ರೋಸ್ಲಿ ರಸ್ತೆಗೆ ಡಾಂಬರು ಹಾಕಿಸುವ ವ್ಯವಹಾರಕ್ಕಿಳಿದ.

ನನಗೆ ಈ ಡಾಂಬರಿನ ವಿವರ ಬಿಟ್ಟುಹೋಗುವುದೇ ಇಲ್ಲ. ಯೂರೋಪಿನಲ್ಲಿ ಹುಡುಗರು ಇವರ ಹಳೆಯ ರೆಕಾರ್ಡಿಗೆ ದುಬಾರಿ ಬೆಲೆ ತೆರುತ್ತಿದ್ದಾಗ, ಬೆರ್ರಿಯೇ ಬರೆದಿದ್ದ ‘ಹ್ಯಾವ್ ಲವ್, ವಿಲ್ ಟ್ರಾವೆಲ್’ ಇವರ ಕಿರುಚಾಟದಲ್ಲಿ ಲ್ಯಾಂಡ್ ರೋವರ್ ಕಾರಿನ ಜಾಹೀರಾತಿಗೆ ಹೋದಾಗ, ಆ ಗಂಟಲಿನ ಒಡೆಯ ಯಾವುದೋ ಅಂಗಡಿಯ ಮುಂದಿನ ಪಾರ್ಕಿಂಗ್ ಜಾಗಕ್ಕೆ ಎಷ್ಟು ಡಾಂಬರು ಬೇಕೆಂದು ಲೆಕ್ಕ ಹಾಕುತ್ತಿದ್ದಿರಬಹುದು. ಅದರಲ್ಲಿ ಅವಮಾನವೇನೂ ಇರಲಿಲ್ಲ. ಎಷ್ಟೋ ಸಲ ಬನ್ನಿ ಎಂದು ಕರೆದರೂ ಅವರು ಹೋಗಲಿಲ್ಲ. ನಲವತ್ತು ವರ್ಷ ಬಿಟ್ಟ ಗಂಟಲು, ಆ ಕಿರುಚು ಬರದಿದ್ದರೆ? ಕಡೆಗೆ 2007ರಲ್ಲಿ ಬ್ರೂಕ್ಲಿನ್ನಿನ ಒಂದು ಉತ್ಸವಕ್ಕೆ ಒಪ್ಪಿದರು. ಮರುವರ್ಷ ಲಂಡನ್, ಆಮೇಲೆ ಯೂರೋಪಿನ ಉತ್ಸವಗಳು. 2015ರಲ್ಲಿ ಹೊಸ ಆಲ್ಬಮ್ಮನ್ನೇ ತಂದರು, ಅದೂ ಹಳೆಯ ಪದ್ಧತಿಯ ಮೊನೊದಲ್ಲಿ. ಎಪ್ಪತ್ತರ ಹೊಸ್ತಿಲಿನ ರೋಸ್ಲಿ ಕಿರುಚಿದ. ಬಂದಿತು.

ವೇಲರ್ಸ್ ಕಥೆಗೆ ಇಷ್ಟು ದೊಡ್ಡ ಎರಡನೇ ಅಂಕ ಇರಲಿಲ್ಲ. ಕೆಂಟ್ ಮಾರಿಲ್ ರಾಯ್ ಆರ್ಬಿಸನ್ನನ ಹಾಡುಗಳ ಕಾರ್ಯಕ್ರಮ ನಡೆಸುತ್ತಿದ್ದ, 2011ರಲ್ಲಿ ತೀರಿಕೊಂಡ. ಆರ್ಮ್ಸ್‌ಬಿ 2016ರಲ್ಲಿ. ಅವರು ಊರಿಗೆ ಹಚ್ಚಿಹೋದ ಹಾಡಿಗೆ ಮಾತ್ರ ಮುಪ್ಪು ಬರಲಿಲ್ಲ. 1985ರಲ್ಲಿ ವಾಷಿಂಗ್ಟನ್ ರಾಜ್ಯದ ನಾಡಗೀತೆಯಾಗಿ ‘ಲೂಯಿ ಲೂಯಿ’ಯನ್ನೇ ಮಾಡಿ ಎಂದು ಅರ್ಧ ತಮಾಷೆಯ ಚಳವಳಿ ಎದ್ದಿತು. ನಾಡಗೀತೆಯ ಪಟ್ಟ ಸಿಗಲಿಲ್ಲ, ಆದರೆ ರಾಜ್ಯದ ಸೆನೆಟ್ಟು ಏಪ್ರಿಲ್ 12ನ್ನು ಆ ಹಾಡಿನ ದಿನವೆಂದು ಸಾರಿತು. ಸಿಯಾಟಲ್‌ನ ಬೇಸ್‌ಬಾಲ್ ಮೈದಾನದಲ್ಲಿ ಏಳನೇ ಇನ್ನಿಂಗ್ಸಿನ ನಡುವೆ ಮೈಮುರಿಯಲು ಎದ್ದ ಜನಕ್ಕೆ ವರ್ಷಗಟ್ಟಲೆ ಅದನ್ನೇ ಹಾಕಿದರು.

ಕಿಂಗ್ಸ್‌ಮೆನ್‌ನ ಗಿಟಾರು ಹಿಡಿದಿದ್ದ ಮೈಕ್ ಮಿಚೆಲ್, ಆ ಸ್ಟುಡಿಯೊಗೆ ಹೋದ ದಿನ ಹತ್ತೊಂಬತ್ತು ತುಂಬಲು ಹತ್ತು ದಿನ ಬಾಕಿಯಿದ್ದ ಹುಡುಗ. ಬ್ಯಾಂಡಿನಲ್ಲಿ ಯಾರ್‍ಯಾರೋ ಬಂದರು, ಹೋದರು, ಅವನು ಬಿಡಲಿಲ್ಲ. ಹಾಡಿನ ನಡುವೆ ಕೆಲವೇ ಸೆಕೆಂಡು ಬರುವ ಆ ಒರಟು ಸೋಲೊವನ್ನು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಊರೂರಲ್ಲಿ ನುಡಿಸಿದ. 2021ರ ಏಪ್ರಿಲ್ 16ರಂದು, ತನ್ನ ಎಪ್ಪತ್ತೇಳನೇ ಹುಟ್ಟುಹಬ್ಬದ ದಿನ ತೀರಿಕೊಂಡ. ಆ ಸೋಲೊ ಮುಗಿದ ಕೂಡಲೇ ರೆಕಾರ್ಡಿನಲ್ಲಿ ಒಂದು ತಪ್ಪಿದೆ. ಈಲಿ ಮುಂದಿನ ಸಾಲನ್ನು ಬೇಗ ಶುರುಮಾಡಿ, ತಪ್ಪೆಂದು ತಿಳಿದು ತಟಕ್ಕನೆ ನಿಲ್ಲುತ್ತಾನೆ, ಡ್ರಮ್ಮು ಹೇಗೋ ಒಂದು ಸುತ್ತು ಬಾರಿಸಿ ಅದನ್ನು ಮುಚ್ಚುತ್ತದೆ. ರೆಕಾರ್ಡು ಕೇಳಿ ಈ ಹಾಡು ಕಲಿತ ಹುಡುಗರ ಬ್ಯಾಂಡುಗಳು ಆ ತಪ್ಪನ್ನೂ ಅಭ್ಯಾಸ ಮಾಡಿ, ಅದೇ ಜಾಗದಲ್ಲಿ ಸರಿಯಾಗಿ ತಪ್ಪುತ್ತವೆ.