ಮಾವ ಕೊಟ್ಟ ಹಣಕ್ಕೂ ಕಾಗದ ಬೇಕು

ಹಿಮಾಯತ್‌ನಗರ: ಬ್ಯಾಂಕ್ ಗುಮಾಸ್ತನಾಗಿ ಮೂವತ್ತು ವರ್ಷ ಕಳೆದರೂ, ಮನೆ ಸಾಲ ಸಿಗದವರ ಸಂಕಟ ನನಗೆ ತಿಳಿದದ್ದು ನನ್ನ ಮಗನ ಅರ್ಜಿ ವಾಪಸ್ ಬಂದಾಗ.

ಇಲ್ಲಿನ ಬಾಡಿಗೆ ಮನೆಯಲ್ಲೇ ಬೆಳೆದ ಮಗ 40 ಲಕ್ಷದ ಫ್ಲಾಟ್ ನೋಡಿದ. ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷದವರೆಗಿನ ಸಾಲ ಬೆಲೆಯ ಶೇ. 90ನ್ನೂ, 30ರಿಂದ 75 ಲಕ್ಷದ ಸಾಲ ಶೇ. 80ನ್ನೂ ಮೀರುವಂತಿಲ್ಲ. ಅವನು ಕೇಳಿದ್ದು 32 ಲಕ್ಷ. ಉಳಿದ 8 ಲಕ್ಷ ಕೈಯಿಂದ ಹಾಕಬೇಕು. ನೋಂದಣಿ ಖರ್ಚು ಬೇರೆ. ರಾಯಚೂರಿನ ಸೋದರಮಾವ 6 ಲಕ್ಷ ಅವನ ಖಾತೆಗೆ ಹಾಕಿದರು.

"ಈ ಹಣ ಹಿಂತಿರುಗಿಸಬೇಕೆ?" ಎಂದರು ಅಧಿಕಾರಿ. "ಮಾವನಿಗೆ ಕಷ್ಟ ಬಂದರೆ ಕೊಡಲೇಬೇಕಲ್ಲ ಸಾರ್" ಎಂದನಂತೆ ಮಗ. ಅಷ್ಟಕ್ಕೆ ಉಡುಗೊರೆ ಸಾಲವಾಯಿತು, ಅರ್ಜಿ ತಿರಸ್ಕೃತವಾಯಿತು.

ತಪ್ಪು ನನ್ನದು. ಕೌಂಟರಿನಲ್ಲಿ ದಿನವೂ ಹೇಳುವ ಮಾತನ್ನು ಭಾವಮೈದುನನಿಗೆ ಹೇಳಲು ಸಂಕೋಚಪಟ್ಟೆ. ಕೊನೆಗೆ ಫೋನ್ ಮಾಡಿದಾಗ ಅವರು, "ಭಾವ, ಕೊಟ್ಟದ್ದು ಕೊಟ್ಟ ಹಾಗೆಯೇ. ಬರೆದುಕೊಡುತ್ತೇನೆ, ಮೊದಲೇ ಕೇಳಬಾರದಿತ್ತೇ?" ಎಂದರು.

ನಮ್ಮ ಸಂಘದ ಬಂಧುಗಳು ಇಷ್ಟು ನೆನಪಿಡಲಿ. ಕೊಟ್ಟವರ ಹೆಸರು, ಸಂಬಂಧ, ಮೊತ್ತ, "ಹಿಂದಕ್ಕೆ ಕೇಳುವುದಿಲ್ಲ" ಎಂಬ ಮಾತು ಪತ್ರದಲ್ಲಿರಲಿ. ಅವರ ಪಾಸ್‌ಬುಕ್ ಪ್ರತಿಯನ್ನೂ ಇಟ್ಟುಕೊಳ್ಳಿ. 2 ಲಕ್ಷ ಅಥವಾ ಹೆಚ್ಚು ನಗದು ಪಡೆಯಲು ಕಾನೂನಿನ ಒಪ್ಪಿಗೆಯಿಲ್ಲ. ತಂದೆ-ತಾಯಿ, ಒಡಹುಟ್ಟಿದವರು, ಸೋದರಮಾವ ಕೊಟ್ಟದ್ದಕ್ಕೆ ತೆರಿಗೆಯಿಲ್ಲ. ಸ್ನೇಹಿತರಿಂದ ವರ್ಷಕ್ಕೆ 50,000 ಮೀರಿ ಬಂದರೆ ಪೂರ್ತಿ ಹಣಕ್ಕೆ ತೆರಿಗೆ. ನಿಜವಾಗಿ ಕೈಗಡವಾದರೆ ಸಾಲವೆಂದೇ ತಿಳಿಸಿ, ಸುಳ್ಳು ಪತ್ರ ಬೇಡ.

ಮಗ ಮತ್ತೆ ಅರ್ಜಿ ಹಾಕಿದ್ದಾನೆ. ಈ ಸಲ ಮಾವನ ಪತ್ರ ಮೇಲೆಯೇ ಇದೆ.