ಶನಿವಾರದ ಬೋರ್ಡು

ಶನಿವಾರ ಬೆಳಗಿನ ಶಾಲೆ. ಮಗ್ಗಿ ಮುಗಿದ ಮೇಲೆ ಬೋರ್ಡಿಗೆ ಕಪ್ಪು ಬಳಿಯುವ ಕೆಲಸ. ಹಿಂದಿನ ಸಂಜೆಯೇ ಬೇಲಿಯಲ್ಲಿ ತೊಂಡೆ ಸೊಪ್ಪು ಕಿತ್ತಿಟ್ಟಿರಬೇಕು. ಒಲೆಯ ಇದ್ದಿಲು ತರುವುದು ಒಬ್ಬನ ಪಾಲು, ಮುಗಿದುಹೋದ ಬ್ಯಾಟರಿ ಸೆಲ್ ಇನ್ನೊಬ್ಬನದು. ಸೆಲ್ಲನ್ನು ಕಲ್ಲಿನಲ್ಲಿ ಜಜ್ಜಿದರೆ ಒಳಗಿಂದ ಕರಿ ಪುಡಿ ಉದುರುತ್ತಿತ್ತು. ಅದನ್ನೂ ಇದ್ದಿಲನ್ನೂ ಸೊಪ್ಪಿನ ರಸದಲ್ಲಿ ಕಲಸಿ, ಹಳೇ ಬಟ್ಟೆ ಉಂಡೆ ಅದ್ದಿ, ಮೇಲಿಂದ ಕೆಳಕ್ಕೆ ಎಳೆಯಬೇಕು. ಅಡ್ಡ ಎಳೆದವನಿಗೆ ಮೇಷ್ಟ್ರ ಬೆತ್ತ. ಅಂಗಿಗೆ ಅಂಟಿದ ಕಪ್ಪಿಗೆ ಮನೆಯಲ್ಲಿ ಬೈಗುಳ ಬೇರೆ.

ಇದು 1970ರ ದಶಕದ ಮಾತು. ಮಧುಗಿರಿ ತಾಲ್ಲೂಕು ಪುರವರ ಹೋಬಳಿಯ ಒಂದು ಹಳ್ಳಿ. ಒಂದು ಕೋಣೆ, ಒಬ್ಬರು ಮೇಷ್ಟ್ರು, ನಾಲ್ಕು ಕ್ಲಾಸು. ಎರಡನೇ ಕ್ಲಾಸಿನಲ್ಲಿ ಕೂತೇ ನಾಲ್ಕರ ಪದ್ಯಗಳೆಲ್ಲ ನನಗೆ ಬಾಯಿಗೆ ಬಂದಿದ್ದವು. ಮಧ್ಯಾಹ್ನ ಕೇರ್ ಸಂಸ್ಥೆಯ ಉಪ್ಪಿಟ್ಟು. ಎಣ್ಣೆ ಡಬ್ಬದ ಮೇಲೆ ಕೈಕುಲುಕುವ ಎರಡು ಕೈಗಳ ಚಿತ್ರ. ಅಮೆರಿಕದವರು ಕಳಿಸಿದ್ದು ಅಂತ ಮೇಷ್ಟ್ರು ಹೇಳಿದ ಮೇಲೂ ಆ ಹಳದಿ ರವೆಯ ವಾಸನೆ ಮುದ್ದೆ ಉಣ್ಣುವ ನಮ್ಮ ಮೂಗಿಗೆ ಒಗ್ಗಲಿಲ್ಲ. ಹಸಿವಿಗೆ ಒಗ್ಗಿತು.

1987ರಲ್ಲಿ ಕೇಂದ್ರ ಸರ್ಕಾರ ಪ್ರತಿ ಪ್ರಾಥಮಿಕ ಶಾಲೆಗೂ ಕನಿಷ್ಠ 2 ಕೋಣೆ, 2 ಮೇಷ್ಟ್ರು, ಪಾಠೋಪಕರಣ ಕೊಡುವ ಯೋಜನೆ ಮಾಡಿ ಅದಕ್ಕೆ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಎಂದು ಹೆಸರಿಟ್ಟಿತು. ನಾನಾಗ ಹೈಸ್ಕೂಲೂ ದಾಟಿದ್ದೆ. ಪೇಪರಿನಲ್ಲಿ ಆ ಹೆಸರು ಓದಿದ್ದೇ ತಡ, ಮೂಗಿಗೆ ತೊಂಡೆ ಸೊಪ್ಪು ಬಡಿಯಿತು. ಆ ಆಪರೇಷನ್ನು ನಾವು ವಾರವಾರವೂ ಮಾಡಿದವರಲ್ಲವೇ!

ಕಡ್ಲೆಕಾಯಿ ಕೀಳುವ ಕಾಲ ಬಂದರೆ ಶಾಲೆ ಬಣಬಣ. ಕಾಯಿ ಬಿಡಿಸಲು ಮಕ್ಕಳ ಕೈಯೇ ಚುರುಕು. ಮೇಷ್ಟ್ರು ಹೊಲದ ಬದುವಿಗೇ ಬಂದು ಕೂಗುತ್ತಿದ್ದರು. ಬಂದವರನ್ನು ಬರಿಗೈಯಲ್ಲಿ ಕಳಿಸುವುದುಂಟೇ? ಅಪ್ಪ ಅವರ ಟವೆಲ್ಲಿಗೆ ಎರಡು ಬೊಗಸೆ ಹಸಿ ಕಾಯಿ ಸುರಿದು, "ನಾಳೆ ಕಳಿಸ್ತೀನಿ ಸ್ವಾಮಿ" ಅನ್ನುತ್ತಿದ್ದ. ಮೇಷ್ಟ್ರು ಅಲ್ಲೇ ನಿಂತು ಒಂದೊಂದಾಗಿ ಸುಲಿದು ತಿನ್ನುತ್ತ, ನನ್ನನ್ನೊಮ್ಮೆ ನೋಡಿ, ಹೊರಟುಬಿಡುತ್ತಿದ್ದರು. ಆ ನಾಳೆ ಬರುವುದರೊಳಗೆ ಎಷ್ಟೋ ಸಲ ದಸರಾ ರಜೆಯೇ ಬಂದಿರುತ್ತಿತ್ತು.

ಬೋರ್ಡಿನ ಬಲ ಮೂಲೆಯಲ್ಲಿ ದಿನಾ ಎರಡು ಸಾಲು ಬರೆಯುವುದು ರೂಢಿ: ಒಟ್ಟು, ಹಾಜರು. ಆ ದಿನಗಳ ಸೋಮವಾರ, ಹೊಸ ಕಪ್ಪಿನ ಮೇಲೆ ಸೀಮೆಸುಣ್ಣ ಎದ್ದು ಕಾಣುವಾಗ, ಎರಡನೇ ಅಂಕಿ ಮೊದಲನೆಯದರ ಅರ್ಧವೂ ಇರುತ್ತಿರಲಿಲ್ಲವಂತೆ. ನೋಡಲು ಬೋರ್ಡು ಬಳಿದ ನಾವ್ಯಾರೂ ಅಲ್ಲಿರಲಿಲ್ಲ.